ಇಕ್ಕಳದ ಗುರುತು ಮಾಸಿದ ಮೇಲೆ

"ಇಕ್ಕಳ ಹಾಕಿ ತೆಗ್ದಿದ್ದು ಮಾರಾಯ್ತಿ!" ಶಿವಮೊಗ್ಗದಲ್ಲಿ ಹೆತ್ತು ತೀರ್ಥಹಳ್ಳಿ ಕಡೆಯ ತವರಿಗೆ ಬಂದ ಮಗಳ ಕೂಸನ್ನು ತೋರಿಸುತ್ತ ಅಜ್ಜಿ ಹೇಳುವ ಮಾತು ಇದು. ಕೆನ್ನೆಯ ಕೆಂಪು ಬರೆಯನ್ನು ಎಲ್ಲರೂ ನೋಡುತ್ತಾರೆ. ಕಣ್ಣು ಬಿಡಿಸಿ ನೋಡುವವರು ಕಡಿಮೆ.

ಈ ಇಕ್ಕಳ, ಅಂದರೆ ಹೆರಿಗೆಯಲ್ಲಿ ಕೂಸಿನ ತಲೆ ಹಿಡಿದು ಎಳೆಯುವ ಫೋರ್ಸೆಪ್ಸ್, ಬೆಳೆದದ್ದೇ ಗುಟ್ಟಿನಲ್ಲಿ. 1569ರಲ್ಲಿ ಫ್ರಾನ್ಸ್ ಬಿಟ್ಟು ಇಂಗ್ಲೆಂಡಿಗೆ ಬಂದ ಚೇಂಬರ್ಲೆನ್ ಮನೆತನ ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಹೊರಗಿನವರಿಗೆ ತೋರಿಸದೆ ದುಡ್ಡು ಮಾಡಿಕೊಂಡಿತು. (ಆ ಗುಟ್ಟಿಗೆ ಸತ್ತ ತಾಯಂದಿರ ಲೆಕ್ಕ ಇಟ್ಟವರಾರು?) ಅವರ ಇಕ್ಕಳಗಳು ಎಸೆಕ್ಸ್‌ನ ಮನೆಯೊಂದರ ನೆಲಹಲಗೆಯಡಿ ಸಿಕ್ಕಿದ್ದು 1813ರಲ್ಲಿ. ಅಷ್ಟರಲ್ಲಿ ಸ್ಮೆಲ್ಲಿ, ಲೆವ್ರೆ ಮೊದಲಾದ ಹೆರಿಗೆ ವೈದ್ಯರು ತಮ್ಮದೇ ಇಕ್ಕಳ ಮಾಡಿ, ಬಳಸುವ ಕ್ರಮವನ್ನೂ ಬರೆದಿಟ್ಟಿದ್ದರು. 1848ರಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ರೂಪಿಸಿದ್ದು ಇಂದಿಗೂ ಬಳಕೆಯಲ್ಲಿದೆ.

ಅಲಗುಗಳು ಕೂರಬೇಕಾದ್ದು ಕೂಸಿನ ಎರಡೂ ಕೆನ್ನೆಗಳ ಮೇಲೆ. ತಲೆ ಯಾವ ಕಡೆ ತಿರುಗಿದೆ ಎಂಬ ಕೈ ಅಂದಾಜು ತಪ್ಪಿದರೆ, ಅಥವಾ ಅಲಗು ಜಾರಿದರೆ, ಒಂದು ಹೋಗಿ ಕಣ್ಣಿನ ಮೇಲೆ ಕೂರುತ್ತದೆ. ಅಲಗಿಗೂ ಹುಬ್ಬಿನ ಎಲುಬಿಗೂ ನಡುವೆ ಸಿಕ್ಕ ಕಣ್ಣುಗುಡ್ಡೆಯಲ್ಲಿ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪರದೆಯ) ಒಳಪದರ, ಡೆಸಿಮೆಟ್ ಪೊರೆ, ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಸೀಳುತ್ತದೆ. ಒಳಗೆ ನೀರು ಸೇರಿ ಕಣ್ಣು ಬೆಳ್ಳಗೆ ಮಂಜಾಗುತ್ತದೆ. ಇದು ಅಪರೂಪ. ಹುಟ್ಟಿನಿಂದಲೇ ಬರುವ, ಕಣ್ಣೊಳಗಿನ ಒತ್ತಡ ಏರುವ ಗ್ಲಾಕೋಮಾದಲ್ಲೂ ಮಂಜು ಇರುವುದರಿಂದ ಇಕ್ಕಳ ಹಾಕಿದ್ದನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಗ್ಲಾಕೋಮಾದ ಬಿರುಕುಗಳು ಹೆಚ್ಚಾಗಿ ಅಡ್ಡಡ್ಡ ಇರುತ್ತವೆ.

ಮೋಸ ಇರುವುದು ಮುಂದೆ. ಮಂಜು ಕೆಲವು ವಾರಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಹೊರಗೆ ಜಡಿಮಳೆ, ಒಳಗೆ ಬಾಣಂತಿ ಕೋಣೆಯ ಕತ್ತಲು. ಕಣ್ಣಿಗೆ ಎದೆಹಾಲು ಬಿಟ್ಟದ್ದಕ್ಕೇ ವಾಸಿಯಾಯಿತು ಎಂದು ಮನೆಯವರು ನಿರಾಳವಾಗುತ್ತಾರೆ. ಆದರೆ ಕಾರ್ನಿಯಾದ ಬಾಗು ಕೆಟ್ಟು ನೋಟ ಮಸುಕಾಗೇ ಉಳಿದಿರಬಹುದು. ಮಸುಕು ಚಿತ್ರವನ್ನು ಮಿದುಳು ಕೈಬಿಡುತ್ತದೆ, ಕಣ್ಣು ಸೋಮಾರಿಯಾಗುತ್ತದೆ. ಎಳವೆಯಲ್ಲೇ ಕನ್ನಡಕ ಹಾಕಿ, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ ಇದನ್ನು ಸರಿಪಡಿಸಲು ನೋಡುತ್ತಾರೆ. ಶಾಲೆಯಲ್ಲಿ ಬೋರ್ಡು ಕಾಣದೆ ಗೊತ್ತಾದರೆ ಹೊತ್ತು ಮೀರಿರಬಹುದು.

1950ರ ದಶಕದಲ್ಲಿ ಸ್ವೀಡನ್ನಿನ ಮಾಲ್ಮ್‌ಸ್ಟ್ರೋಮ್ ಕೂಸಿನ ತಲೆಗೆ ಬಟ್ಟಲು ಅಂಟಿಸಿ ಎಳೆಯುವ ವ್ಯಾಕ್ಯೂಮ್ ತಂದರು. ಅದರಲ್ಲಿ ರೆಟಿನಾದ (ಕಣ್ಣಿನ ಹಿಂಪರದೆಯ) ರಕ್ತಸ್ರಾವ ಹೆಚ್ಚು, ಆದರೆ ಬಹುಪಾಲು ತಾನೇ ಇಂಗುತ್ತದೆ. ಸಿಸೇರಿಯನ್ ಸುಲಭವಾದ ಮೇಲಂತೂ ಇಕ್ಕಳ ಮೂಲೆ ಸೇರಿತು, ಅದರ ಜತೆ ಪಳಗಿದ ಕೈಗಳೂ. ಇದು ನನಗೆ ಪೂರಾ ನೆಮ್ಮದಿಯ ಸುದ್ದಿಯಲ್ಲ. ತಲೆ ಕೆಳಗಿಳಿದು ಕೂಸಿನ ಎದೆಬಡಿತ ಕುಸಿಯುತ್ತಿರುವಾಗ, ಅರಿವಳಿಕೆಯ ಡಾಕ್ಟರು ಘಟ್ಟದ ದಾರಿಯಲ್ಲಿ ಬರಬೇಕಾದ ಕಡೆ, ಬಲ್ಲವರ ಇಕ್ಕಳವೇ ಜೀವ ಉಳಿಸೀತು. ಗರ್ಭಕೋಶದ ಬಾಯಿ ಪೂರ್ತಿ ತೆರೆದಿರಬೇಕು, ತಲೆಯ ದಿಕ್ಕು ಖಚಿತವಿರಬೇಕು, ಮೂತ್ರಚೀಲ ಖಾಲಿ ಇರಬೇಕು. ಎಳೆದರೂ ಕೂಸು ಜಗ್ಗದಿದ್ದರೆ ಹಟ ಬಿಡಬೇಕು.

ಆ ಸೀಳಿನ ಗೆರೆ ಮಾತ್ರ ಕೊನೆತನಕ ಉಳಿಯುತ್ತದೆ. ನಲವತ್ತು ದಾಟಿದವರ ಕಣ್ಣಲ್ಲೂ ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪಿನ ಬೆಳಕಿಗೆ ಅದು ಕಾಣುತ್ತದೆ. ಹುಟ್ಟಿದಾಗ ಇಕ್ಕಳ ಹಾಕಿದ್ದರೇ ಎಂದು ಡಾಕ್ಟರು ಕೇಳುತ್ತಾರೆ. ಅಷ್ಟೊತ್ತಿಗೆ ಅಜ್ಜಿ ಇರುವುದಿಲ್ಲ, ಡಿಸ್ಚಾರ್ಜ್ ಚೀಟಿಯೂ.