ಚುಚ್ಚಿದ್ದನ್ನು ಕೀಳಬೇಡಿ

ರಾತ್ರಿ ದೀಪ ಹಚ್ಚಿ ಮೀನಿಗೆ ಹೋಗುವ ನಮ್ಮ ಕರಾವಳಿಯವರಿಗೆ ಸೂಜಿಯಂಥ ಉದ್ದ ಮೂತಿಯ ಕಾಂಡೆ ಮೀನಿನ ಭಯ ಇದ್ದೇ ಇದೆ. ಬೆಳಕು ಕಂಡರೆ ಬಾಣದ ಹಾಗೆ ಚಿಮ್ಮುತ್ತದೆ. 1977ರಲ್ಲಿ ಹವಾಯಿಯಲ್ಲಿ ಅಪ್ಪನ ಜೊತೆ ದೋಣಿಯಲ್ಲಿದ್ದ 10 ವರ್ಷದ ಹುಡುಗನಿಗೆ ಇದೇ ಜಾತಿಯ ಮೀನಿನ ಮೂತಿ ಕಣ್ಣಿನಿಂದ ಮೆದುಳಿಗೆ ಹೊಕ್ಕಿತು. ಹುಡುಗ ಉಳಿಯಲಿಲ್ಲ.

ತಲೆಬುರುಡೆ ಗಟ್ಟಿ, ಅಲ್ವಾ? ಆದರೆ ಕಣ್ಣುಗುಡ್ಡೆಯ ಮೇಲಿನ ಎಲುಬು ಕೆಲವು ಕಡೆ ಬೆಳಕು ತೂರುವಷ್ಟು ತೆಳು. ಅದರ ಮೇಲೇ ಮೆದುಳು. ತೋಟದಲ್ಲಿ ಬಿದ್ದು ಬಿದಿರಿನ ಸೀಳು ರೆಪ್ಪೆಗೆ ಚುಚ್ಚಿದರೆ ಹೊರಗೆ ಕಾಣುವುದು ಸಣ್ಣ ತೂತು. ಮಾತಾಡುತ್ತಾನೆ, ನಡೆಯುತ್ತಾನೆ. ಹಾಗಂತ ಸುಮ್ನೆ ಪಟ್ಟಿ ಕಟ್ಟಿ ಮಲಗಿಸಬಾರದು.

ಚುಚ್ಚಿದ್ದು ಅಲ್ಲೇ ನಿಂತಿದ್ದರೆ ಕೀಳಲೇಬಾರದು. ಒಳಗೆ ಹರಿದ ರಕ್ತನಾಳವನ್ನು ಅದೇ ಒತ್ತಿ ಹಿಡಿದಿರಬಹುದು. ಕಿತ್ತರೆ ಬುರುಡೆಯೊಳಗೆ ರಕ್ತ ತುಂಬಿ ಮೆದುಳು ಅದುಮಿಹೋಗುತ್ತದೆ. ಅಲುಗದ ಹಾಗೆ ಸುತ್ತ ಬಟ್ಟೆ ಕೊಟ್ಟು ಕಟ್ಟಿ, 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಮೊದಲು ಸಿಟಿ ಸ್ಕ್ಯಾನ್, ರಕ್ತನಾಳಗಳದ್ದೂ ಸೇರಿಸಿ. ಕಬ್ಬಿಣ ಇದ್ದರೆ ಎಂಆರ್‌ಐ ಮಾಡುವಂತಿಲ್ಲ, ಆಯಸ್ಕಾಂತಕ್ಕೆ ಅದು ಒಳಗೇ ಸರಿಯಬಹುದು. ಒಣ ಮರದ ಚೂರು ಸಿಟಿಯಲ್ಲಿ ಗಾಳಿಯ ಹಾಗೇ ಕಪ್ಪಗೆ ಕಾಣುವುದರಿಂದ ಕಣ್ತಪ್ಪಿಹೋಗುತ್ತದೆ. ಆಮೇಲೆ ಅದರಿಂದಲೇ ಕೀವಾಗುತ್ತದೆ.

ಆಪರೇಷನ್ನಿನಲ್ಲಿ ಸರ್ಜನ್ ವಸ್ತುವಿನ ಸುತ್ತಲಿನ ಎಲುಬು ಕತ್ತರಿಸಿ ಜಾಗ ಮಾಡಿಕೊಳ್ಳುತ್ತಾರೆ. ಆಮೇಲೆ ಕಣ್ಣೆದುರೇ, ಹೊಕ್ಕ ದಾರಿಯಲ್ಲೇ ನಿಧಾನವಾಗಿ ಹೊರಗೆಳೆಯುತ್ತಾರೆ. ರಕ್ತ ಚಿಮ್ಮಿದರೆ ತಡೆಯಲು ಕೈ ಅಲ್ಲೇ ಇರುತ್ತದೆ. ಕೊಳೆ, ಸತ್ತ ಭಾಗ ತೊಳೆದು ತೆಗೆದು, ಮೆದುಳಿನ ಪೊರೆಯನ್ನು ನೀರು ಸೋರದಂತೆ ಹೊಲಿಯುತ್ತಾರೆ. ಪೊರೆ ಸಾಲದಿದ್ದರೆ ತೊಡೆಯಿಂದ ತೆಗೆದ ಪದರದ ತೇಪೆ. ನನಗೆ ಇಡೀ ಕೆಲಸದಲ್ಲಿ ದೊಡ್ಡದೆನಿಸುವುದು ಈ ಹೊಲಿಗೆಯೇ. ಇದು ಸೋರಿದರೆ ಸೋಂಕು ಒಳಗೆ ನುಗ್ಗುತ್ತದೆ.

ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಅಮೆರಿಕದ ಮೆದುಳು ಸರ್ಜನ್ ಹಾರ್ವೆ ಕುಶಿಂಗ್ ಸೈನಿಕರ ಮೆದುಳಿನಿಂದ ಲೋಹದ ಚೂರುಗಳನ್ನು ಆಯಸ್ಕಾಂತದಿಂದಲೂ ತೆಗೆಯುತ್ತಿದ್ದರು. ಈಗ ಆಳದ ಪುಟ್ಟ ಚೂರನ್ನು ಹುಡುಕಲು ಹೋಗಿ ಒಳ್ಳೆಯ ಮೆದುಳು ಕೆಡಿಸುವುದಿಲ್ಲ, ಎಷ್ಟೋ ಸಲ ಅಲ್ಲೇ ಬಿಡುತ್ತಾರೆ.

ಕಾರವಾರ, ಶಿರಸಿಯವರಿಗೆ ಇಂಥ ಹೊತ್ತಿನಲ್ಲಿ ಗೋವಾ, ಮಣಿಪಾಲ, ಹುಬ್ಬಳ್ಳಿಯೇ ನೆನಪಾಗುವುದು. ಘಟ್ಟದ ತಿರುವುಗಳಲ್ಲಿ ಹೋಗುವ ಸಮಯ ಮೆದುಳಿನ ಲೆಕ್ಕದಲ್ಲಿ ದುಬಾರಿ. ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿಗೆ ಇದೂ ಒಂದು ಕಾರಣ.

ಹೊರಡುವಾಗ ಇನ್ನೊಂದು: ಚುಚ್ಚಿದ ಕೋಲು ಮುರಿದು ಬಿದ್ದಿದ್ದರೆ ಆ ತುಂಡನ್ನೂ ಒಯ್ಯಿರಿ. ಅದರ ತುದಿ ನೋಡಿದರೆ ಒಳಗೆ ಏನು ಉಳಿದಿರಬಹುದು ಅನ್ನುವ ಅಂದಾಜು ಡಾಕ್ಟರಿಗೆ ಸಿಗುತ್ತದೆ.