ಪ್ಲೇಟಿನ ನಂಬರ್ ಪ್ಲೇಟಿನದ್ದು ಮಾತ್ರ

ನನ್ನ ಅಂಗಡಿಯ ವಾಟ್ಸಾಪಿಗೆ ಒಂದು ಫೋಟೋ ಬರುತ್ತದೆ. ತುಕ್ಕು ಕಚ್ಚಿದ ಸಣ್ಣ ಸ್ಟೀಲ್ ಪ್ಲೇಟ್, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ, ಮಧ್ಯೆ ಆರು ಅಂಕಿಯ ನಂಬರ್. ಅಡಿಯಲ್ಲಿ ಒಂದು ಸಾಲು: ‘ಸರ್, 66ರ ಫೆಂಡರ್ ಬೇಸ್. ನೆಟ್ಟಲ್ಲಿ ನೋಡಿ ಕನ್ಫರ್ಮ್ ಮಾಡಿದ್ದೇನೆ. ಎಷ್ಟು ಕೊಡಬಹುದು?’ ಫೆಂಡರ್ ಅಂದರೆ ಅಮೆರಿಕದ ಗಿಟಾರ್ ಕಂಪನಿ, ಬೇಸ್ ಅಂದರೆ ದಪ್ಪ ತಂತಿಯ, ತಗ್ಗು ಸ್ವರದ ಗಿಟಾರ್. ಆ ಗಿಟಾರಿನ ಫೋಟೋ ಮಾತ್ರ ಇಲ್ಲ. ಕೇಳಿದರೆ, ‘ಅದು ಆಮೇಲೆ ಕಳಿಸ್ತೇನೆ ಸರ್, ಮೊದಲು ನಂಬರ್ ನೋಡಿ’ ಎನ್ನುತ್ತಾರೆ.

ಡಿಸೆಂಬರ್ ಬಂದರೆ ಇಂಥ ಮೆಸೇಜ್ ಜಾಸ್ತಿ. ಗಲ್ಫಿನವರು ರಜೆಯಲ್ಲಿ ಊರಿಗೆ ಬಂದಿರುತ್ತಾರೆ. ರೋಸ್ (ಮದುವೆಗೆ ಮೊದಲಿನ ಶಾಸ್ತ್ರ), ಮದುವೆ ಎಲ್ಲ ಸಾಲಾಗಿ ಇರುತ್ತವೆ. ಮಂಗಳೂರಿನ ಬೆಂದೂರ್, ಬಿಜೈ ಕಡೆ ಹಂಚಿನ ಮನೆ ಕೆಡವಿ ಫ್ಲಾಟ್ ಕಟ್ಟುವ ಮೊದಲು ಅಟ್ಟ ಖಾಲಿ ಮಾಡುತ್ತಾರೆ. ಅಟ್ಟದಿಂದ ಒಂದು ಕಪ್ಪು ಕೇಸ್ ಇಳಿಯುತ್ತದೆ. ಬೊಂಬಾಯಿಯ ಹೋಟೆಲ್ ಬ್ಯಾಂಡಿನಲ್ಲಿದ್ದ ದೊಡ್ಡಪ್ಪನದ್ದು, ಹಡಗಿನಲ್ಲಿದ್ದ ಮಾವನದ್ದು, ಕುವೈತಿನಲ್ಲಿದ್ದ ಚಿಕ್ಕಪ್ಪನದ್ದು. ಇಷ್ಟು ಚೆಂದದ ಕಥೆ ಕೈಯಲ್ಲಿ ಇಟ್ಟುಕೊಂಡು ಇವರು ನನಗೆ ಕಳಿಸುವುದು ನಂಬರ್!

ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹಳೆ ಬುಲೆಟ್ ಕೊಳ್ಳುವಾಗ ನಾವು ಚಾಸಿ ನಂಬರ್ ನೋಡುತ್ತೇವೆ. ಆರ್‌ಸಿಗೆ ತಾಳೆಯಾದರೆ ಅರ್ಧ ಕೆಲಸ ಮುಗಿಯಿತು. ಗಿಟಾರಿಗೂ ಹಾಗೇ ಅಂತ ತಿಳಿದುಕೊಂಡಿದ್ದಾರೆ. ಆದರೆ ಬೇಸ್ ಗಿಟಾರಿಗೆ ಆರ್‌ಟಿಓ ಇಲ್ಲ ಮಾರಾಯ್ರೆ.

ಫೆಂಡರ್ ಬೇಸಿನ ವಿಷಯವೇ ತೆಗೆದುಕೊಳ್ಳಿ, ಹೆಚ್ಚಿನ ಪ್ರಶ್ನೆ ಅದರದ್ದೇ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. 1960ರಲ್ಲಿ ಜಾಝ್ ಬೇಸ್ ಬಂತು. ಎರಡರಲ್ಲೂ ನೆಕ್ (ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಭಾಗ) ಬೇರೆ, ಬಾಡಿ ಬೇರೆ. ಗೋಂದಿನ ಕೆಲಸ ಇಲ್ಲ, ಸ್ಕ್ರೂ ಹಾಕಿ ಜೋಡಿಸುವುದು. ಆ ಸ್ಕ್ರೂ ಮರದೊಳಗೆ ಇಳಿದುಹೋಗಬಾರದು ಅಂತ ಅಡಿಯಲ್ಲಿ ಒಂದು ಸ್ಟೀಲ್ ಪ್ಲೇಟ್ ಇಟ್ಟರು. ಆ ಪ್ಲೇಟಿನ ಮೇಲೆ ನಂಬರ್ ಹೊಡೆದರು. ನಂಬರ್ ಹೊಡೆದ ಪ್ಲೇಟುಗಳು ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು. ಜೋಡಿಸುವವರು ಕೈಗೆ ಸಿಕ್ಕಿದ್ದನ್ನು ತೆಗೆದು ಹಾಕುತ್ತಿದ್ದರು. ಪೆಟ್ಟಿಗೆಯ ತಳದಲ್ಲಿದ್ದ ಪ್ಲೇಟ್ ಮುಂದಿನ ವರ್ಷ ಹೊರಗೆ ಬಂದರೂ ಬಂತು. ಹಾಗಾಗಿ ನೆಟ್ಟಿನ ಪಟ್ಟಿ 1966 ಅಂತ ಹೇಳಿದರೆ ಅದನ್ನು ‘66ರ ಆಚೆ ಈಚೆ’ ಅಂತ ಓದಬೇಕು. ಅದೂ ಪ್ಲೇಟ್ ಮೂಲದ್ದೇ ಆಗಿದ್ದರೆ.

ಆ ‘ಆಗಿದ್ದರೆ’ಯಲ್ಲೇ ಎಲ್ಲ ಇರುವುದು. ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ಲೇಟ್ ಕೈಗೆ ಬರುತ್ತದೆ. ಬೇರೊಂದು ಹಾಕುವುದು ಎಷ್ಟು ಹೊತ್ತಿನ ಕೆಲಸ? ಹಾಕುವುದಕ್ಕೆ ಕಾರಣವೂ ಇದೆ. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಸಿಬಿಎಸ್ ಅನ್ನುವ ಅಮೆರಿಕದ ದೊಡ್ಡ ಪ್ರಸಾರ ಕಂಪನಿಯ ಕೈಗೆ ಹೋಯಿತು. ಅದಕ್ಕಿಂತ ಮೊದಲಿನದ್ದಕ್ಕೆ ಬೆಲೆ ಬೇರೆಯೇ. 1963ರಿಂದ 65ರವರೆಗಿನ ಪ್ಲೇಟುಗಳಲ್ಲಿ ನಂಬರಿನ ಮುಂದೆ ‘ಎಲ್’ ಅಕ್ಷರ ಇರುತ್ತದೆ. ಆಮೇಲಿನವುಗಳಲ್ಲಿ ದೊಡ್ಡ ‘ಎಫ್’. ‘ಎಲ್’ ಪ್ಲೇಟ್ ಒಂದು ಸಿಕ್ಕಿದರೆ ಅದನ್ನು ಯಾವುದಕ್ಕೆ ಹಾಕಿದರೆ ಲಾಭ ಅಂತ ನಿಮಗೂ ಗೊತ್ತಾಗುತ್ತದೆ, ಅಲ್ವಾ? ಮೋಸವೇ ಆಗಬೇಕೆಂದಿಲ್ಲ. ಬ್ಯಾಂಡಿನಲ್ಲಿ ಎರಡು ಬೇಸ್ ಇದ್ದು, ಒಂದು ಒಡೆದು, ಎರಡರ ಭಾಗ ಸೇರಿಸಿ ಒಂದು ಮಾಡಿದ್ದೂ ಇರುತ್ತದೆ. ರಸಮಂಜರಿ ಕಾರ್ಯಕ್ರಮ ರಾತ್ರಿ ಒಂಬತ್ತಕ್ಕೆ ಶುರುವಾಗಬೇಕು, ಆಗ ಯಾರು ಪ್ಲೇಟ್ ನೋಡುತ್ತಾರೆ?

1976ರಿಂದ ನಂಬರ್ ನೆಕ್ಕಿನ ತುದಿಯ ತಲೆಗೆ, ಅಂದರೆ ಹೆಡ್‌ಸ್ಟಾಕಿಗೆ ಹೋಯಿತು. ಎಪ್ಪತ್ತರ ದಶಕಕ್ಕೆ ‘ಎಸ್’, ಮುಂದೆ ವರ್ಷದ ಅಂಕಿ. ‘ಎಸ್8’ ಅಂದರೆ 1978ರ ಹತ್ತಿರದ್ದು. ಆದರೆ ಅದು ನೆಕ್ಕಿನ ನಂಬರ್, ಬಾಡಿಯದ್ದಲ್ಲ. ಇನ್ನು ಕೆಲವರು ಹೆಡ್‌ಸ್ಟಾಕಿನ ಲೋಗೋ ಪಕ್ಕದಲ್ಲಿರುವ ಪೇಟೆಂಟ್ ನಂಬರನ್ನೇ ಸೀರಿಯಲ್ ನಂಬರ್ ಅಂತ ಕಳಿಸುತ್ತಾರೆ. ಅದು ಸಾವಿರಾರು ಗಿಟಾರುಗಳಲ್ಲಿ ಒಂದೇ ಇರುತ್ತದೆ.

ಹಾಗಾದರೆ ಎಲ್ಲಿ ನೋಡಬೇಕು? ಒಳಗೆ. ನೆಕ್ ಬಿಚ್ಚಿದರೆ ಅದರ ಬುಡದಲ್ಲಿ ತಾರೀಕು ಇರುತ್ತದೆ. ಹಳೆಯವುಗಳಲ್ಲಿ ಪೆನ್ಸಿಲಿನಲ್ಲಿ ಬರೆದದ್ದು, 1962ರಿಂದ ಶಾಯಿಯ ಮೊಹರು. ಇಲ್ಲಿ ಎರಡನೇ ತಪ್ಪು ಶುರುವಾಗುತ್ತದೆ.

ಕಲ್ಯಾಣಪುರದ ಕಡೆಯ ಒಬ್ಬ ಹುಡುಗ, ಚರ್ಚಿನ ಕ್ವಾಯರಿನಲ್ಲಿ ನುಡಿಸುವವನು, ಪ್ರಿಸಿಷನ್ ಬೇಸ್ ಒಂದರ ನೆಕ್ ಬಿಚ್ಚಿದ ಫೋಟೋ ತಂದಿದ್ದ. ಮೊಹರು ಹೀಗಿತ್ತು: ‘5 ಮಾರ್ 64 ಸಿ’. ಖುಷಿಯೋ ಖುಷಿ. ‘ಮಾರ್ಚ್ ಐದಕ್ಕೆ ಹುಟ್ಟಿದ್ದು ಅಂಕಲ್, ನನ್ನ ಮಮ್ಮಿಯ ಬರ್ತ್‌ಡೇ ಕೂಡ ಅದೇ ದಿನ!’ ಅವನ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ, ಆದರೂ ಹೇಳಿದೆ. ಆ ಐದು ದಿನದ ಅಂಕಿ ಅಲ್ಲ. ಅದು ಪ್ರಿಸಿಷನ್ ಬೇಸಿನ ನೆಕ್ಕಿಗೆ ಕೊಟ್ಟ ಗುರುತು. ಜಾಝ್ ಬೇಸ್ ಆದರೆ ಏಳು. ಕೊನೆಯ ಅಕ್ಷರ ನಟ್ (ಹೆಡ್‌ಸ್ಟಾಕಿನ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ನೆಕ್ ಎಷ್ಟು ಅಗಲ ಅಂತ ಹೇಳುತ್ತದೆ. ‘ಎ’ ಒಂದೂವರೆ ಇಂಚು, ‘ಸಿ’ ಒಂದೂಮುಕ್ಕಾಲು ಇಂಚು. ತಾರೀಕು ಅಂತ ಇರುವುದು ತಿಂಗಳು ಮತ್ತು ವರ್ಷ ಮಾತ್ರ. ಇದು ಅವನಿಗೆ ಮುಖ್ಯವಾದ ವಿಷಯವೂ ಹೌದು. ಪ್ರಿಸಿಷನ್ ಬಾಡಿಯ ಮೇಲೆ ಏಳರಿಂದ ಶುರುವಾಗುವ ಮೊಹರು ಕಂಡರೆ ನೆಕ್ ಬೇರೆ ಗಿಟಾರಿನದ್ದು ಅಂತ ಅನುಮಾನ ಪಡಬೇಕು. ಅವನದ್ದರಲ್ಲಿ ಅದು ಸರಿ ಇತ್ತು.

ಮತ್ತೆ, ಮಾರ್ಚ್ 64 ಅಂದರೆ ನೆಕ್ ತಯಾರಾದ ತಿಂಗಳು. ಅದು ಬಾಡಿಗೆ ಕೂತದ್ದು ಆಮೇಲೆ ಯಾವಾಗಲೋ.

ಮೂರನೆಯದ್ದು ಪಾಟ್, ಅಂದರೆ ವಾಲ್ಯೂಮ್, ಟೋನ್ ತಿರುಗಿಸುವ ನಾಬಿನ ಅಡಿಯಲ್ಲಿರುವ ಭಾಗ. ಅದರ ಬೆನ್ನಿಗೆ ಅಂಕಿಗಳು ಹೊಡೆದಿರುತ್ತವೆ. ಉದಾಹರಣೆಗೆ 1376612. ಮೊದಲ ಮೂರು ಅಂಕಿ ಪಾಟ್ ಮಾಡಿದ ಕಂಪನಿ. 137 ಅಂದರೆ ಸಿಟಿಎಸ್, 304 ಅಂದರೆ ಸ್ಟ್ಯಾಕ್‌ಪೋಲ್. ಆಮೇಲಿನ 66 ವರ್ಷ. ಕೊನೆಯ 12 ಆ ವರ್ಷದ ಹನ್ನೆರಡನೇ ವಾರ.

ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇದನ್ನು ನಾನು ಅಂಗಡಿಯಲ್ಲಿ ಹೇಳುತ್ತೇನೆ, ಜನ ತಲೆ ಆಡಿಸುತ್ತಾರೆ, ಮನೆಗೆ ಹೋಗಿ ‘66ರ ಪಾಟ್, ಹಾಗಾದರೆ 66ರ ಬೇಸ್’ ಅಂತ ಮೆಸೇಜ್ ಹಾಕುತ್ತಾರೆ. ಅಲ್ಲ. 1966ರ ಪಾಟ್ ಇದೆ ಅಂದರೆ, ಆ ವೈರಿಂಗ್ 1966ಕ್ಕಿಂತ ಮೊದಲು ಆಗಿರಲು ಸಾಧ್ಯವಿಲ್ಲ. ಅಷ್ಟೇ. ಯಾವಾಗ ಆಯಿತು ಅಂತ ಅದು ಹೇಳುವುದಿಲ್ಲ. ಫೆಂಡರಿನವರು 1966ರಲ್ಲಿ ಪಾಟುಗಳನ್ನು ರಾಶಿ ರಾಶಿ ಕೊಂಡಿಟ್ಟಿದ್ದರು. 1969ರ ಗಿಟಾರುಗಳಲ್ಲೂ 66ರ ಪಾಟ್ ಸಿಗುತ್ತದೆ. ಒಂದು ಬೇಸಿನಲ್ಲಿ ನೆಕ್ 68ರದ್ದು, ಪಾಟ್ 66ರದ್ದು, ಪ್ಲೇಟಿನ ನಂಬರ್ ಪಟ್ಟಿಯ ಪ್ರಕಾರ 67ರದ್ದು ಇದ್ದರೆ ಗಾಬರಿ ಬೇಡ, ಮೂರೂ ಮೂಲದ್ದೇ ಇರಬಹುದು. ಅಂಥ ಬೇಸನ್ನು ನಾನು 68 ಅಥವಾ ಸ್ವಲ್ಪ ಆಮೇಲೆ ಅಂತ ಬರೆಯುತ್ತೇನೆ. ಎಲ್ಲಕ್ಕಿಂತ ಹೊಸ ಮೂಲ ಭಾಗ ಯಾವುದೋ, ಬೇಸ್ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ‘ಮೂಲ ಭಾಗ’ ಅಂದೆ, ಗಮನಿಸಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಪಾಟ್ ಬಾಳುವುದಿಲ್ಲ. ಕರ ಕರ ಸದ್ದು ಮಾಡಲು ಶುರುವಾಗುತ್ತದೆ, ರೇಡಿಯೋ ರಿಪೇರಿಯವರು ಹೊಸತು ಹಾಕಿ ಕೊಡುತ್ತಾರೆ. ಪಾಟ್ ಹೊಸದು ಅಂತ ಬೇಸನ್ನೇ ಡೂಪ್ಲಿಕೇಟ್ ಅನ್ನಬೇಡಿ. ಅಲ್ಲಿ ಸೋಲ್ಡರ್ ನೋಡಬೇಕು. ಕಾರ್ಖಾನೆಯ ಬೆಸುಗೆ ಕದಡಿದೆಯೋ ಇಲ್ಲವೋ ಅಂತ ಕಣ್ಣಿಗೆ ಗೊತ್ತಾಗುತ್ತದೆ, ಬರಹದಲ್ಲಿ ಕಲಿಸಲು ಕಷ್ಟ.

ಕೆಲವು ಸಂಗತಿಗಳಿಗೆ ಏನೂ ಬಿಚ್ಚಬೇಕಾಗಿಲ್ಲ. ತಂತಿಯ ಸದ್ದು ಹಿಡಿಯುವ ಭಾಗ ಪಿಕಪ್. ಪ್ರಿಸಿಷನ್ ಬೇಸಿನಲ್ಲಿ ಅದು ಎರಡು ತುಂಡಾದದ್ದು 1957ರಲ್ಲಿ. ‘55ರದ್ದು’ ಅಂತ ಮಾರುವವರು ಎರಡು ತುಂಡಿನ ಪಿಕಪ್ ತೋರಿಸಿದರೆ ನಗುತ್ತಾ ಎದ್ದು ಬನ್ನಿ. ರೋಸ್‌ವುಡ್ ಮರದ ಫಿಂಗರ್‌ಬೋರ್ಡ್ (ನೆಕ್ಕಿನ ಮೇಲೆ ಬೆರಳು ಒತ್ತುವ ಹಲಗೆ) ಪ್ರಿಸಿಷನ್‌ಗೆ ಬಂದದ್ದು 1959ರಲ್ಲಿ. ಮೊದಲು ಬ್ರೆಜಿಲಿನ ರೋಸ್‌ವುಡ್, ಅರುವತ್ತರ ದಶಕ ಮುಗಿಯುವ ಹೊತ್ತಿಗೆ ಭಾರತದ ರೋಸ್‌ವುಡ್. ಅದೇ ನಮ್ಮ ಬೀಟೆ. ಘಟ್ಟದ ಮೇಲಿನ ಮರ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಬೇಸ್ ಆಗಿ, ಯಾರದ್ದೋ ಸೂಟ್‌ಕೇಸಿನ ಜೊತೆ ವಾಪಸ್ ಘಟ್ಟದ ಬುಡಕ್ಕೆ ಬಂದಿರಬಹುದು. ಇದನ್ನು ಹೇಳಿದಾಗ ಮಾತ್ರ ಗಿರಾಕಿಗಳು ನಂಬರ್ ಮರೆಯುತ್ತಾರೆ.

ಎಲ್ಲ ಕಂಪನಿಯದ್ದೂ ಹೀಗೇ ಗೊಂದಲ ಅಲ್ಲ. ಅರುವತ್ತರ ದಶಕದ ಆರಂಭದಿಂದ ಎಂಬತ್ತರ ದಶಕದ ಮಧ್ಯದವರೆಗಿನ ರಿಕೆನ್‌ಬ್ಯಾಕರಿನಲ್ಲಿ ಎರಡು ಅಕ್ಷರ ನೋಡಿದರೆ ವರ್ಷ, ತಿಂಗಳು ಎರಡೂ ಸಿಗುತ್ತವೆ. 1975ರಿಂದ 86ರವರೆಗಿನ ಜಪಾನಿನ ಐಬನೆಜ್‌ನಲ್ಲಿ ಮೊದಲ ಅಕ್ಷರ ತಿಂಗಳು, ಮುಂದಿನ ಎರಡು ಅಂಕಿ ವರ್ಷ. ‘ಎಫ್78’ ಅಂದರೆ 1978ರ ಜೂನ್. ಅದಕ್ಕೂ ಮೊದಲಿನ ಐಬನೆಜ್‌ಗೆ ನಂಬರೇ ಇಲ್ಲ. ಗಿಬ್ಸನಿನವರು ಅರುವತ್ತರ ದಶಕದಲ್ಲಿ ಒಂದೇ ನಂಬರನ್ನು ಬೇರೆ ಬೇರೆ ವರ್ಷ ಮತ್ತೆ ಮತ್ತೆ ಹೊಡೆದಿದ್ದಾರೆ, ಅಲ್ಲಿ ಪಟ್ಟಿ ನಂಬಿದವರು ಕೆಟ್ಟರು. ಗಿಬ್ಸನ್ ಅಂದಾಗ ನೆನಪಾಯಿತು. ಮೂಡುಬಿದಿರೆಯಿಂದ ಒಬ್ಬರು ‘ಹಳೆ ಗಿಬ್ಸನ್’ ತಂದಿದ್ದರು. ಹೆಡ್‌ಸ್ಟಾಕಿನಲ್ಲಿ ಗಿವ್ಸನ್ ಅಂತ ಇತ್ತು, ಕಲ್ಕತ್ತಾದ್ದು. ಪಾಪ, ಕನ್ನಡಕ ತಂದಿರಲಿಲ್ಲ.

ಗಲ್ಫಿನಿಂದ ಬಂದವುಗಳಲ್ಲಿ ನಾನು ನೋಡಿದ ಮಟ್ಟಿಗೆ ಜಪಾನಿನವೇ ಜಾಸ್ತಿ. ಅಮೆರಿಕದ್ದಲ್ಲ ಅಂತ ಗೊತ್ತಾದ ಕೂಡಲೇ ಮುಖ ಬಾಡುತ್ತದೆ. ಬಾಡಬೇಕಾಗಿಲ್ಲ. ಎಪ್ಪತ್ತರ ದಶಕದ ಕೊನೆಯ ಜಪಾನಿನ ಕೆಲಸ ಎಷ್ಟು ಒಳ್ಳೆಯದಿತ್ತು ಅಂದರೆ, 1982ರಲ್ಲಿ ಫೆಂಡರೇ ಅಲ್ಲಿ ಹೋಗಿ ಗಿಟಾರ್ ಮಾಡಿಸಲು ಶುರು ಮಾಡಿತು.

ಇಷ್ಟು ಕಾರ್ಖಾನೆಯ ಮಾತು. ಅಲ್ಲಿಂದ ಈಚೆಗಿನ ಚರಿತ್ರೆ ಯಾವ ಪಟ್ಟಿಯಲ್ಲೂ ಇಲ್ಲ, ಅದು ಮನೆಯವರ ಹತ್ತಿರ ಇದೆ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿಯ ಹಾಫ್ನರ್ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳವಾಗಿತ್ತು. ಐವತ್ತು ವರ್ಷ ದಾಟಿದ ಮೇಲೆ ವಾಪಸ್ ಸಿಕ್ಕಿತು, 2024ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂತು. ಹುಡುಕುವವರು ಜನರನ್ನು ಕೇಳಿದರು, ಜನ ನೆನಪು ಮಾಡಿಕೊಂಡು ಹೇಳಿದರು, ದಾರಿ ಸಿಕ್ಕಿತು. ಕೊನೆಗೆ ಅದು ಇದ್ದದ್ದೂ ಒಂದು ಮನೆಯ ಅಟ್ಟದಲ್ಲಿ.

ನಮ್ಮಲ್ಲಿ ಕೇಳುವುದಕ್ಕೆ ಜನ ಇದ್ದಾರೆ, ಆದರೆ ಬೇಗ ಕೇಳಬೇಕು. ಬ್ಯಾಂಡಿನಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಫೋಟೋ ಕೇಳಿ. ಮದುವೆ ಆಲ್ಬಂ, ಚರ್ಚಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಸಂಘದ ವಾರ್ಷಿಕೋತ್ಸವದ ಗ್ರೂಪ್ ಫೋಟೋ. ಕಪ್ಪು ಬಿಳುಪಾದರೂ ಪರವಾಗಿಲ್ಲ. ಆಮೆಚಿಪ್ಪಿನ ಬಣ್ಣದ ಪಿಕ್‌ಗಾರ್ಡ್ (ಬಾಡಿಯ ಮುಂಭಾಗ ಮುಚ್ಚುವ ತೆಳು ಫಲಕ) ಇದ್ದರೆ ಅದರ ಸುಳಿಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಫೋಟೋ ಸ್ಪಷ್ಟ ಇದ್ದರೆ ಸುಳಿ ತಾಳೆ ಹಾಕಬಹುದು. ಫೆಂಡರಿನಲ್ಲಿ ಬೆರಳು ಊರುವ ಸಣ್ಣ ಪಟ್ಟಿ ಒಂದಿರುತ್ತದೆ. ಸುಮಾರು 1974ರವರೆಗೆ ಅದು ತೆಳು ತಂತಿಯ ಕಡೆ ಇತ್ತು, ಆಮೇಲೆ ದಪ್ಪ ತಂತಿಯ ಕಡೆಗೆ ಬಂತು. ಫೋಟೋದಲ್ಲಿ ಅದೂ ಕಾಣುತ್ತದೆ.

ಬೆಂದೂರಿನ ಒಬ್ಬರು ಹೆಂಗಸು (ಅಂಥವರನ್ನು ನಾವು ಗೌರವದಿಂದ ‘ಬಾಯಿ’ ಅಂತ ಕರೆಯುತ್ತೇವೆ), ತೀರಿಹೋದ ಗಂಡನ ಬೇಸ್ ಮಾರಬೇಕು ಅಂತ ಬಂದಿದ್ದರು. ಕೊಳ್ಳಲು ಬಂದವರೆಲ್ಲ ನಂಬರ್ ಬರೆದುಕೊಂಡು ಹೋಗಿದ್ದರು, ಒಬ್ಬರೂ ಅವರ ಹತ್ತಿರ ಮಾತಾಡಿರಲಿಲ್ಲ. ನಾನು ಸುಮ್ನೆ ಕೇಳಿದೆ, ‘ಇದು ಎಲ್ಲಿ ತಗೊಂಡದ್ದು ಬಾಯಿ, ನೆನಪುಂಟಾ?’ ಅರ್ಧ ಗಂಟೆ ಹೇಳಿದರು. ಬಹ್ರೈನಿನ ಯಾವ ಅಂಗಡಿ, ಯಾವ ಕ್ರಿಸ್ಮಸ್, ಎಷ್ಟು ಕಂತು, ಮನೆಯಲ್ಲಿ ಆದ ಜಗಳ. ಆಮೇಲೆ ಪರ್ಸಿನಿಂದ ಮಡಚಿದ ಬಿಲ್ ತೆಗೆದರು. ಅದರಲ್ಲಿ ತಾರೀಕು ಇತ್ತು, ಬೇಸಿನ ಹೆಸರೂ ಇತ್ತು. ಯಾರೂ ಕೇಳಲಿಲ್ಲ, ಹಾಗೆ ತೋರಿಸಲಿಲ್ಲ ಅಂದರು.

ನನ್ನ ಮಾತಿಗೂ ಒಂದು ಮಿತಿ ಇದೆ. ನೆಕ್ ಬಿಚ್ಚದೆ, ಪಿಕ್‌ಗಾರ್ಡ್ ಎತ್ತದೆ ನಾನು ವರ್ಷ ಹೇಳುವುದಿಲ್ಲ. ಫೋಟೋ ನೋಡಿ ಬೆಲೆ ಕಟ್ಟುವುದಿಲ್ಲ. ದೊಡ್ಡ ಮೊತ್ತದ ವ್ಯವಹಾರ ಆದರೆ ನನ್ನೊಬ್ಬನನ್ನೇ ನಂಬಬೇಡಿ, ಇನ್ನೊಬ್ಬರ ಹತ್ತಿರವೂ ತೋರಿಸಿ. ಮಾರುವವರು ‘ಬಿಚ್ಚಲು ಬಿಡುವುದಿಲ್ಲ’ ಅಂದರೆ ಸಿಟ್ಟಾಗಬೇಡಿ, ಅವರಿಗೂ ಹೆದರಿಕೆ ಇರುತ್ತದೆ. ನಾನೇ ಬಂದು ಅವರ ಎದುರಿನಲ್ಲೇ ಬಿಚ್ಚುತ್ತೇನೆ ಅಂತ ಹೇಳಿ ನೋಡಿ. ನೀವೇ ಮನೆಯ ಸ್ಟಾರ್ ಡ್ರೈವರ್ ಹಿಡಿದು ಕೂರಬೇಡಿ. ಮಳೆಗಾಲ ಕಂಡ ಸ್ಕ್ರೂ ಮರಕ್ಕೆ ಕಚ್ಚಿಕೊಂಡಿರುತ್ತದೆ. ತಲೆ ಸವೆದರೆ ಅದನ್ನು ತೆಗೆಯುವುದು ನನಗೂ ಕಷ್ಟ.

ಕೊಂಡ ಮೇಲೆ ರಿಪೇರಿ ಮಾಡಿಸಿ, ತಪ್ಪಿಲ್ಲ. ಆದರೆ ತೆಗೆದ ಹಳೆ ಪಾಟ್, ತುಕ್ಕು ಹಿಡಿದ ಸ್ಕ್ರೂ, ಮುರಿದ ನಾಬ್ ಯಾವುದನ್ನೂ ಬಿಸಾಡಬೇಡಿ. ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಯಾವಾಗ ತೆಗೆದದ್ದು, ಯಾರು ತೆಗೆದದ್ದು ಅಂತ ಚೀಟಿ ಬರೆದು ಕೇಸಿನಲ್ಲೇ ಇಡಿ. ಬಿಲ್ ಇದ್ದರೆ ಅದನ್ನೂ. ಮೂಲ ಬಿಲ್ ಕೇಸಿನಲ್ಲಿ ಬೇಡ, ಬೂಸಲು ಬರುತ್ತದೆ. ಜೆರಾಕ್ಸ್ ಇಡಿ.