ಸೊನ್ನೆ ಸೊನ್ನೆ ಅಂದರೆ ಯಾವ ಇಸವಿ?

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿಸಿಎ ಓದುತ್ತಿದ್ದೇನೆ. 1999ರ ಕೊನೆಯಲ್ಲಿ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಅಂತ ಎಲ್ಲರೂ ಹೆದರಿದ್ದರಂತೆ. ಕೊನೆಗೆ ಏನೂ ಆಗಲಿಲ್ಲ, ದುಡ್ಡು ಮಾಡೋಕೆ ಕಟ್ಟಿದ ಕಥೆ ಅದು ಅಂತಾರೆ ನಮ್ಮ ಮಾವ. ವೈ2ಕೆ, ಅಂದರೆ ಇಸವಿ 2000ದ ಆ ತೊಂದರೆ, ನಿಜವಾಗಿಯೂ ಇತ್ತಾ?

ಉತ್ತರ: ಇತ್ತು. ನಾನು ಕಣ್ಣಾರೆ ನೋಡಿದ್ದೇನೆ. ಆಗ ಮಂಡ್ಯದ ಸುತ್ತಮುತ್ತಲಿನ ಸೊಸೈಟಿ, ಅಂಗಡಿಗಳಿಗೆ ಫಾಕ್ಸ್‌ಪ್ರೋ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಡುವುದೇ ನನ್ನ ಕೆಲಸ.

ಮೊದಲು ತೊಂದರೆ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಹಳೇ ಕಾಲದಲ್ಲಿ ಕಂಪ್ಯೂಟರಿಗೆ ಮಾಹಿತಿ ಕೊಡುತ್ತಿದ್ದ, ತೂತು ಹಾಕಿದ ರಟ್ಟಿನ ಪಂಚ್ ಕಾರ್ಡಿನಲ್ಲಿ 80 ಅಕ್ಷರಕ್ಕೆ ಮಾತ್ರ ಜಾಗ. ಮೆಮೊರಿಯೂ ಬಹಳ ದುಬಾರಿ. ಹಾಗಾಗಿ 1967 ಅನ್ನುವುದನ್ನು 67 ಅಂತ ಬರೆದರು. ಖಾತೆ ಪುಸ್ತಕದಲ್ಲಿ ನಾವೂ ಬರೆಯುತ್ತಿದ್ದದ್ದು ಹಾಗೇ ತಾನೆ? ಆ ಪ್ರೋಗ್ರಾಂಗಳು ಮೂವತ್ತು ವರ್ಷ ಬಾಳುತ್ತವೆ ಅಂತ ಬರೆದವರಿಗೂ ಅನಿಸಿರಲಿಲ್ಲ.

ಈಗ ಒಂದು ಒಡವೆ ಸಾಲ ತಗೊಳ್ಳಿ. 15-10-99ರಂದು ಹತ್ತು ಸಾವಿರ ಸಾಲ, ಬಡ್ಡಿ ವರ್ಷಕ್ಕೆ ಶೇ 15. ರೈತ 14-01-00ರಂದು ಬಿಡಿಸಿಕೊಳ್ಳೋಕೆ ಬರುತ್ತಾನೆ. ಆಗಿರುವುದು 91 ದಿನ, ಬಡ್ಡಿ 374 ರೂಪಾಯಿ. ಆದರೆ ಆಗಿನ ಫಾಕ್ಸ್‌ಪ್ರೋ 00 ಅಂದರೆ 1900 ಅಂತಲೇ ತಿಳಿಯುತ್ತಿತ್ತು. ದಿನದ ಲೆಕ್ಕ ಮೈನಸ್ 36,433 ಬರುತ್ತಿತ್ತು. ಅಂದರೆ ಸೊಸೈಟಿಯೇ ರೈತನಿಗೆ 1,49,725 ರೂಪಾಯಿ ಕೊಡಬೇಕು! ಇಷ್ಟು ದೊಡ್ಡ ತಪ್ಪಾದರೆ ಯಾರಾದರೂ ಹಿಡಿಯುತ್ತಾರೆ ಬಿಡಿ. ನನಗೆ ಭಯ ಇದ್ದದ್ದು ಕಣ್ಣಿಗೆ ಬೀಳದ ತಪ್ಪುಗಳದ್ದು. ದಿನ ಮೈನಸ್ ಬಂದರೆ ಬಡ್ಡಿ ಸೊನ್ನೆ ಅಂತ ಬರೆದಿದ್ದ ಪ್ರೋಗ್ರಾಂಗಳೂ ಇದ್ದವು. ಅಲ್ಲಿ ಸೊಸೈಟಿ ಸದ್ದಿಲ್ಲದೆ ಬಡ್ಡಿ ಕಳೆದುಕೊಳ್ಳುತ್ತಿತ್ತು.

1999ರ ನವೆಂಬರಿನಲ್ಲಿ ಒಂದು ಸೊಸೈಟಿಯ ಕಂಪ್ಯೂಟರ್ ಪರೀಕ್ಷೆ ಮಾಡಿದೆ. ಮೊದಲು ಎಲ್ಲ ಫೈಲನ್ನೂ ಫ್ಲಾಪಿಗಳಿಗೆ ಇಳಿಸಿ, ಒಂದೊಂದರ ಮೇಲೂ ಪೆನ್ನಿನಲ್ಲಿ ನಂಬರ್ ಹಾಕಿ, ಕಬ್ಬಿಣದ ಬೀರುವಿನೊಳಗೆ ಇಟ್ಟದ್ದಾಯಿತು. ಆಮೇಲೆ ಗಡಿಯಾರವನ್ನು 31-12-1999, ರಾತ್ರಿ 11:58ಕ್ಕೆ ತಿರುಗಿಸಿ ಮೆಷಿನ್ ಆಫ್ ಮಾಡಿದೆ. ಐದು ನಿಮಿಷ ಬಿಟ್ಟು ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಂದ ತಾರೀಕು 1980ರ ಜನವರಿ 4. ಪಕ್ಕದಲ್ಲಿ ನಿಂತಿದ್ದ ಕಾರ್ಯದರ್ಶಿ, 'ಇದೇನ್ ಸಾ, ಇಪ್ಪತ್ತು ವರ್ಸ ಹಿಂದಕ್ಕೋಗ್ಬುಡ್ತಲ್ಲ' ಅಂದರು. ಒಳಗಿನ ಗಡಿಯಾರದ ಚಿಪ್ ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಎಣಿಸುತ್ತಿತ್ತು. 19ನ್ನು 20 ಮಾಡುವುದು ಅದರ ಕೆಲಸವಲ್ಲ. 1900 ಅಂತ ಬಂದ ತಾರೀಕು 1980ರಿಂದ ಮಾತ್ರ ಎಣಿಸುವ ಡಾಸ್‌ಗೆ (ಆ ಮೆಷಿನ್ ನಡೆಸುತ್ತಿದ್ದ ಮೂಲ ತಂತ್ರಾಂಶ) ಅರ್ಥವಾಗುತ್ತಿರಲಿಲ್ಲ. ಬಹಳಷ್ಟು ಮೆಷಿನ್‌ಗಳಿಗೆ ಸರಿಯಾದ ತಾರೀಕನ್ನು ಒಮ್ಮೆ ಕೈಯಾರೆ ಹಾಕಿದರೆ ಸಾಕಿತ್ತು. ಇನ್ನು ಕೆಲವಕ್ಕೆ ಬಯಾಸ್, ಅಂದರೆ ಆನ್ ಮಾಡಿದ ಕೂಡಲೇ ಓಡುವ ಚಿಪ್ಪಿನೊಳಗಿನ ಪ್ರೋಗ್ರಾಂ, ಬದಲಿಸಬೇಕಿತ್ತು.

ಪ್ರೋಗ್ರಾಂ ರಿಪೇರಿಗೆ ದಾರಿ ಎರಡು. ಎಲ್ಲ ಕಡೆ ಇಸವಿಯನ್ನು ನಾಲ್ಕು ಅಂಕಿ ಮಾಡುವುದು ಒಂದು. ಫಾಕ್ಸ್‌ಪ್ರೋದಲ್ಲಿ 'ಸೆಟ್ ಸೆಂಚುರಿ ಆನ್' ಅನ್ನುವ ಒಂದು ಸಾಲು ಹಾಕಿದರೆ ನಾಲ್ಕು ಅಂಕಿ ಬರುತ್ತಿತ್ತು. ತಾರೀಕಿನ ಫೀಲ್ಡು ಫೈಲಿನೊಳಗೆ ಮೊದಲಿಂದಲೂ ಪೂರ್ತಿ ಇಸವಿಯನ್ನೇ ಇಟ್ಟುಕೊಂಡಿತ್ತು. ಆದರೆ ಪರದೆ, ರಸೀದಿ, ರಿಪೋರ್ಟು ಎಲ್ಲದರ ಅಳತೆಯೂ ಎರಡಕ್ಷರ ಜರುಗುತ್ತಿತ್ತು, ಒಂದೊಂದನ್ನೂ ಕೂತು ಸರಿಮಾಡಬೇಕಿತ್ತು. ಎರಡನೆಯದು ಅಡ್ಡದಾರಿ: 50ಕ್ಕಿಂತ ಕಡಿಮೆ ಇದ್ದರೆ 2000ದ ಕಡೆಗೆ, ಉಳಿದದ್ದು 1900ರ ಕಡೆಗೆ ಅಂತ ಗೆರೆ ಎಳೆಯುವುದು. ಸಾಲದ ತಾರೀಕಿಗೆ ಇದು ನಡೆಯುತ್ತದೆ. ಹುಟ್ಟಿದ ತಾರೀಕಿಗೆ ನಡೆಯುವುದಿಲ್ಲ. 1938ರಲ್ಲಿ ಹುಟ್ಟಿದ ಸದಸ್ಯೆ ಲೆಕ್ಕದಲ್ಲಿ 2038ರಲ್ಲಿ ಹುಟ್ಟುವ ಮಗುವಾಗುತ್ತಾಳೆ. ಹಾಗಾಗಿ ವಯಸ್ಸಿನ ವಿಷಯ ಬಂದಲ್ಲೆಲ್ಲ ನಾಲ್ಕಂಕಿಯೇ ಬೇಕು ಅಂತ ನಾನು ಹಟ ಹಿಡಿದೆ. ಫೆಬ್ರವರಿ 29ನ್ನೂ ಪರೀಕ್ಷಿಸಿದೆ. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ ಎಂಬಲ್ಲಿಗೇ ನಿಲ್ಲಿಸಿದ ಪ್ರೋಗ್ರಾಂಗೆ 400ರಿಂದ ಭಾಗವಾಗುವ 2000 ಅಧಿಕ ವರ್ಷವೆಂದು ಗೊತ್ತಿರುವುದಿಲ್ಲ.

ಇನ್ನು ನಿಮ್ಮ ಮಾವನ ಮಾತಿಗೆ ಬರೋಣ. ಏನೂ ಆಗಲಿಲ್ಲ ಅನ್ನುವುದು ಸರಿಯಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನ ಪ್ರಯೋಗಾಲಯವೊಂದರಲ್ಲಿ ತಾಯಂದಿರ ವಯಸ್ಸನ್ನು ಕಂಪ್ಯೂಟರ್ ತಪ್ಪಾಗಿ ಎಣಿಸಿತು. ಮಗುವಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಒಂದು ತೊಂದರೆ, ಅದರ ಸಾಧ್ಯತೆಯನ್ನು ತಾಯಿಯ ವಯಸ್ಸು ನೋಡಿ ಅಂದಾಜು ಮಾಡುತ್ತಾರೆ) ಬರುವ ಸಾಧ್ಯತೆ ಹೆಚ್ಚಿದ್ದ ನೂರೈವತ್ತಕ್ಕೂ ಹೆಚ್ಚು ಗರ್ಭಿಣಿಯರಿಗೆ ಸಾಧ್ಯತೆ ಕಡಿಮೆ ಅಂತ ವರದಿ ಹೋಯಿತು. ಗೊತ್ತಾಗುವ ಹೊತ್ತಿಗೆ 2000ದ ಮೇ ತಿಂಗಳು. ಆ ತಾಯಂದಿರಿಗೆ ಇದು ಕಟ್ಟುಕಥೆ ಅಂತ ಹೇಳೋಕಾಗುತ್ತಾ? ಹೆದರಿಸಿ ದುಡ್ಡು ಮಾಡಿದವರೂ ಇದ್ದರು, ಅದು ನಿಜ. ಆದರೆ ಬೇರೆಡೆ ದೊಡ್ಡ ಅನಾಹುತ ತಪ್ಪಿದ್ದು ಕೋಬಾಲ್ ಅನ್ನುವ ಹಳೇ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳನ್ನು ಸಾಲು ಸಾಲಾಗಿ ಓದಿ ತಿದ್ದಿದವರಿಂದ. ಅವರಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರು ಬಹಳ ಮಂದಿ.

ನಿಮ್ಮ ಪಾಲಿಗೂ ಇಂಥದ್ದೇ ಒಂದು ಇದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ (ಸೊನ್ನೆ ಅಥವಾ ಒಂದು ಇಡುವ 32 ಮನೆಗಳಲ್ಲಿ) ಎಣಿಸುವ ವ್ಯವಸ್ಥೆಗಳ ಜಾಗ 2038ರ ಜನವರಿ 19ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07ಕ್ಕೆ ತುಂಬುತ್ತದೆ. ಮರುಸೆಕೆಂಡಿಗೆ ಅವು 1901ರ ಡಿಸೆಂಬರಿಗೆ ಹೋಗುತ್ತವೆ. ಇಪ್ಪತ್ತು ವರ್ಷದ ಮನೆ ಸಾಲದ ಕೊನೆಯ ಕಂತು ಈಗಾಗಲೇ ಆ ದಿನವನ್ನು ದಾಟುತ್ತಿದೆ. ಪ್ರಾಜೆಕ್ಟಿಗೆ ಅಂತ ಯಾವುದಾದರೂ ಹಳೇ ಪ್ರೋಗ್ರಾಂ ನಿಮ್ಮ ಕೈಗೆ ಬಂದರೆ ಅದರ ಒಂದು ನಕಲು ಮಾಡಿಕೊಂಡು, ನಕಲಿನಲ್ಲಿ ಮಾತ್ರ, ತಾರೀಕನ್ನು 2038ರ ಜನವರಿ 20ಕ್ಕೆ ತಿರುಗಿಸಿ ಬಡ್ಡಿ ಲೆಕ್ಕ ಹಾಕಿಸಿ ನೋಡಿ.